ಪೈಪಿನ ಕೆಳಗಿನಿಂದ ಮೂರು ಸಲ

ಇದನ್ನು ನಂಬಿ ಅಂತ ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ಕತ್ತಲಿರುವಾಗಲೇ ಎದ್ದು ನೀರುದೋಸೆಗೆ ಅಕ್ಕಿ ರುಬ್ಬುವ ಹೆಂಗಸಿಗೆ ಕತೆ ಕಟ್ಟುವಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಆ ರಾತ್ರಿ ನನ್ನ ಜೊತೆ ಇದ್ದವರು ನಮ್ಮತ್ತೆ ಒಬ್ಬರೇ. ಅವರು ಈಗ ಇಲ್ಲ. ಇದ್ದಿದ್ದರೆ ನನಗಿಂತ ಚೆನ್ನಾಗಿ ಹೇಳುತ್ತಿದ್ದರು, ನಡುನಡುವೆ ನನ್ನನ್ನು ಬೈದುಕೊಂಡು.

ನಮ್ಮದು ಕೊಟ್ಟಿಗೆಹಾರದಲ್ಲಿ ಸಣ್ಣ ಹೋಟೆಲ್. ಚಾರ್ಮಾಡಿ ಘಾಟಿ ಹತ್ತಿ ಬಂದ ಬಸ್ಸುಗಳು ನಮ್ಮೂರಲ್ಲಿ ಉಸಿರು ಬಿಡುತ್ತವೆ. ಆ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡವರು ಮುಖ ತೊಳೆದು, ಬಿಸಿ ಕಾಫಿ ಕುಡಿದು ಮನುಷ್ಯರಾಗುತ್ತಾರೆ. ಮುಂದೆ ಹೋಟೆಲ್, ಹಿಂದೆ ಮನೆ. ಇಳಿಜಾರಿಗೆ ಕಟ್ಟಿದ್ದರಿಂದ ಕೆಳಗೊಂದು ಉಗ್ರಾಣ. ಹೋಟೆಲ್ ಹಾಲಿನ ಮೂಲೆಯ ಬಾಗಿಲು ತೆರೆದು ಮರದ ಮೆಟ್ಟಿಲು ಇಳಿದರೆ ಅಲ್ಲಿಗೆ ಹೋಗಬಹುದು. ಹಿಂಬದಿಯಿಂದ ಕಾಫಿ ಮೂಟೆ ಇಳಿಸಲು ಅದಕ್ಕೆ ಇನ್ನೊಂದು ಬಾಗಿಲಿತ್ತು. ಅದಕ್ಕೆ ಹೊರಗಿನಿಂದ ಬೀಗ. ಅದರ ಕೀ ಯಾವಾಗಲೂ ನನ್ನ ಸೊಂಟದಲ್ಲಿ.

ಎಲ್ಲರ ಮನೆ ದೋಸೆಯೂ ತೂತು ಅಂತಾರೆ. ನಮ್ಮ ಮನೆಯ ತೂತು ಅಂದರೆ ಇವರ ಮೀನಿನ ಹುಚ್ಚು.

ಇವರು ಅಂದರೆ ನನ್ನ ಗಂಡ, ಮಂಜುನಾಥ. ಘಾಟಿ ಹತ್ತಿ ಬಂದವರಿಗೆ ಮೇಲೆ ಸಮುದ್ರ ತೋರಿಸುತ್ತೇನೆ ಅಂತ ಹೊರಟ ಮಹಾನುಭಾವ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹೋಟೆಲ್ ಹಾಲಿನಲ್ಲಿ ಮೇಜಿನುದ್ದದ ಗಾಜಿನ ತೊಟ್ಟಿ ಮಾಡಿಸಿದರು. ಅದಕ್ಕೆ ಉಪ್ಪುನೀರೇ ಬೇಕು, ಅದೂ ಸಮುದ್ರದ್ದೇ ಬೇಕು. ಮಂಗಳೂರಿಂದ ಮೀನು ತುಂಬಿಕೊಂಡು ಘಾಟಿ ಹತ್ತುವ ಲಾರಿ ಡ್ರೈವರ್ ಅಬ್ಬು ಕ್ಯಾನುಗಳಲ್ಲಿ ನೀರು ತಂದುಕೊಡುತ್ತಿದ್ದ. ಕಲ್ಲು ತಂದ, ಮರಳು ತಂದ, ಕೊನೆಗೊಂದು ದಿನ ಪ್ಲಾಸ್ಟಿಕ್ ಚೀಲದಲ್ಲಿ ಕಿತ್ತಳೆ ಮೈಯ ಬಿಳಿ ಪಟ್ಟೆಯ ಎರಡು ಮೀನು ತಂದ. ಒಂದು ತೊಟ್ಟಿಯ ಆ ತುದಿಯಿಂದ ಈ ತುದಿಗೆ ಸುಮ್ಮನೆ ಓಡುತ್ತಿತ್ತು, ಇನ್ನೊಂದು ನಿಂತು ನಿಂತು ಹೋಗುತ್ತಿತ್ತು. ಬಸ್‌ ಸ್ಟ್ಯಾಂಡಿನ ಹೋಟೆಲ್ ತಾನೆ, ಇವರು ಒಂದಕ್ಕೆ ಎಕ್ಸ್‌ಪ್ರೆಸ್, ಇನ್ನೊಂದಕ್ಕೆ ಶಟಲ್ ಅಂತ ಹೆಸರಿಟ್ಟರು.

ಕಲ್ಲಿನ ಜೊತೆಗೆ ಕರೆಯದ ನೆಂಟರೂ ಬಂದಿದ್ದರು. ಬಸವನಹುಳುಗಳು. ಬಟಾಣಿ ಕಾಳಿನಷ್ಟು, ಕಪ್ಪು. ಹಗಲು ಎಲ್ಲಿರುತ್ತಿದ್ದವೋ, ದೀಪ ಆರಿಸಿದ ಮೇಲೆ ಒಂದೊಂದಾಗಿ ಗಾಜು ಹತ್ತುತ್ತಿದ್ದವು.

ಅವುಗಳಿಂದ ಆಗುತ್ತಿದ್ದ ತೊಂದರೆ ಸಣ್ಣದಲ್ಲ. ತೊಟ್ಟಿಯೊಳಗೆ ಒಂದು ಮೂಲೆಯಲ್ಲಿ ಪೈಪು ನಿಂತಿತ್ತು. ತುಂಬಿ ಬಂದ ನೀರು ಅದರ ಬಾಯಿಗೆ ಬಿದ್ದು, ನೆಲ ತೂರಿಕೊಂಡು, ಕೆಳಗೆ ಉಗ್ರಾಣದ ಡ್ರಮ್ಮಿಗೆ ಇಳಿಯುತ್ತಿತ್ತು. ಅಲ್ಲಿ ಸೋಸಿ ತಿಳಿಯಾದ ನೀರನ್ನು ಮೋಟಾರು ಮತ್ತೆ ಮೇಲಕ್ಕೆ ತಳ್ಳುತ್ತಿತ್ತು. ನೀರು ಹೀಗೆ ಸುತ್ತುತ್ತಿದ್ದರೆ ಮಾತ್ರ ಮೀನಿಗೆ ಉಸಿರು. ಬಸವನಹುಳುಗಳಿಗೆ ಆ ಪೈಪಿನ ಬಾಯಿ ಅಂದರೆ ಅದೇನು ಮೋಹವೋ... ಒಳಗೆ ಬಿದ್ದು, ಕೆಳಗಿನ ಬಾಗಿನಲ್ಲಿ ಒಂದು ಸಿಕ್ಕಿಕೊಂಡರೆ ಸಾಕು, ಹಿಂದೆಯೇ ಹತ್ತು ಬಂದು ಕೂರುತ್ತಿದ್ದವು. ಪೈಪು ಕಟ್ಟಿ, ಮೇಲೆ ತೊಟ್ಟಿ ಉಕ್ಕಿ ಹಾಲೆಲ್ಲ ಉಪ್ಪುನೀರು.

ಇವರು ಪೈಪಿನ ಬಾಯಿಗೆ ಪ್ಲಾಸ್ಟಿಕ್ ಜಾಲರಿ ಹಾಕಿದರು. ದಿನಾ ಮಲಗುವ ಮೊದಲು ಜಾಲರಿ ಉಜ್ಜಿ, ಗಾಜಿನ ಮೇಲಿನ ಹುಳುಗಳನ್ನು ಒಂದೊಂದಾಗಿ ಕಿತ್ತು ತೆಂಗಿನ ಕರಟಕ್ಕೆ ಹಾಕುತ್ತಿದ್ದರು. ದೇವರಿಗೆ ದೀಪ ಹಚ್ಚುವುದನ್ನು ಮರೆತಾರು, ಇದನ್ನು ಮರೆಯುವವರಲ್ಲ. ಆದರೂ ತಿಂಗಳಿಗೊಮ್ಮೆ ಪೈಪು ಕಟ್ಟುವುದು ತಪ್ಪುತ್ತಿರಲಿಲ್ಲ.

ಆಗ ಇಬ್ಬರು ಬೇಕು. ಇವರು ಕೆಳಗೆ ಹೋಗಿ ಪೈಪಿನ ತುದಿ ಬಿಚ್ಚಿ ತಂತಿಯಲ್ಲಿ ಕೆದಕುತ್ತಿದ್ದರು. ಮೇಲಿನ ನೀರು ಇವರ ಮುಖಕ್ಕೆ ನುಗ್ಗದ ಹಾಗೆ ನಾನು ಮೇಲೆ ಪೈಪಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯಬೇಕು. ನಡುವೆ ಕಾಂಕ್ರೀಟ್ ನೆಲ, ಕೂಗಿದರೆ ಕೇಳುವುದಿಲ್ಲ. ಅದಕ್ಕೆ ಇವರು ಪೈಪಿನ ಮೇಲೆ ಉಂಗುರದಿಂದ ತಟ್ಟುತ್ತಿದ್ದರು. ಒಂದು ಸಲ ತಟ್ಟಿದರೆ ಮುಚ್ಚು. ಎರಡು ಸಲ ತಟ್ಟಿದರೆ ಕೈ ತೆಗೆ. ಮೂರು ಸಲ ಅಂದರೆ, ಮುಗೀತು, ಮೇಲೆ ಬರ್ತಿದೀನಿ.

ಮೂರು ಕೇಳಿದ ತಕ್ಷಣ ಅತ್ತೆ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದರು. ಹೋಟೆಲ್ ಕಾಫಿ ಕೊನೆಯವರೆಗೂ ಅವರದ್ದೇ ಕೈ. ಮಗ ಒದ್ದೆ ಮೈಯಲ್ಲಿ ಒಳಗೆ ಬರಬಾರದು ಅಂತ ಲೋಟವನ್ನು ಮೆಟ್ಟಿಲ ಬಾಗಿಲಿಗೇ ಒಯ್ದು ಮೇಲಿನ ಮೆಟ್ಟಿಲ ಮೇಲೆ ಇಡುತ್ತಿದ್ದರು. ಇವರು ಅಲ್ಲೇ ಕೂತು ಕುಡಿದು, ಬಟ್ಟೆ ಹಿಂಡಿಕೊಂಡು ಬರುತ್ತಿದ್ದರು.

ಆ ವರ್ಷ ಕಾಫಿ ಹೂವಿನ ಕಾಲ. ಬೇಸಿಗೆಯ ಮೊದಲ ಮಳೆ ಕೈಕೊಟ್ಟಿತ್ತು. ಸುತ್ತಲ ಎಸ್ಟೇಟಿನವರೆಲ್ಲ ಗಿಡ ಹೂ ಬಿಡಲಿ ಅಂತ ಹಗಲೂ ರಾತ್ರಿ ಸ್ಪ್ರಿಂಕ್ಲರ್ ಓಡಿಸುತ್ತಿದ್ದರು. ಊರಲ್ಲಿ ಗಂಡಸು ಅನ್ನುವವನು ರಾತ್ರಿ ಮನೆಯಲ್ಲಿ ಇರುತ್ತಿರಲಿಲ್ಲ.

ಆ ದಿನ ಸಂಜೆ ಇವರು ಹಿಂದಿನ ತೋಟದಲ್ಲಿ ಕಾಳುಮೆಣಸು ಕೊಯ್ಯಲು ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಏಣಿ ಹಾಕಿದ್ದರು. ಏಣಿ ಜಾರಿತು. ತಲೆ ಕಲ್ಲಿಗೆ ಬಡಿಯಿತು.

ನಾನು ಓಡಿ ಹೋದಾಗ ಕಣ್ಣು ಅರ್ಧ ತೆರೆದಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಕಿವಿಯಿಂದ ರಕ್ತ. ಮೈದುನ ಸತೀಶ ಯಾರದೋ ಜೀಪು ತಂದ. ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆ ಅಲುಗದ ಹಾಗೆ ಇಬ್ಬರು ಹಿಡಿದು ಕೂತರು. ನನಗೆ ಕಾಲಿಡಲೂ ಜಾಗ ಇರಲಿಲ್ಲ.

"ಅತ್ತಿಗೆ, ನೀವು ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬನ್ನಿ. ಅಮ್ಮನ್ನ ಒಬ್ರನ್ನೇ ಬಿಡಕ್ಕಾಗ್ತದಾ?" ಅಂದ ಸತೀಶ.

ಜೀಪು ಘಾಟಿ ಕಡೆ ಇಳಿಯಿತು. ಮೊದಲ ತಿರುವಿನಲ್ಲಿ ಹಿಂದಿನ ಕೆಂಪು ದೀಪ ಕಾಣದಾಯಿತು. ನಾನು ರಸ್ತೆಯಲ್ಲೇ ನಿಂತಿದ್ದೆ.

ರಾತ್ರಿ ಒಮ್ಮೆ ಫೋನು ಬಂತು. ಮಂಗಳೂರಿನ ಆಸ್ಪತ್ರೆಯಿಂದ ಸತೀಶ. ತಲೆಯೊಳಗೆ ರಕ್ತ ಕಟ್ಟಿದೆಯಂತೆ, ಈಗಲೇ ಆಪರೇಷನ್ ಅಂತೆ, ಏನೂ ಹೇಳಕ್ಕಾಗಲ್ಲ ಅಂತಾರಂತೆ. ಅಷ್ಟು ಹೇಳುವಾಗಲೇ ಲೈನು ಗೊರಗೊರ ಅಂದು ಸತ್ತುಹೋಯಿತು. ಆಮೇಲೆ ಎಷ್ಟು ಸಲ ಎತ್ತಿದರೂ ಆ ಕಡೆ ಏನೂ ಇಲ್ಲ. ನಾನು ರಿಸೀವರ್ ಹಿಡಿದುಕೊಂಡು ಹುಚ್ಚಿಯ ಹಾಗೆ "ಹಲೋ, ಹಲೋ" ಅನ್ನುತ್ತಲೇ ಇದ್ದೆ.

ನಮ್ಮತ್ತೆ ಅಳಲಿಲ್ಲ. ಹಾಲಿನ ಬೆಂಚಿನ ಮೇಲೆ ತೊಟ್ಟಿಗೆ ಎದುರಾಗಿ ಕೂತಿದ್ದರು.

"ಲಲಿತಾ, ಅವ್ನು ಬರೋವರ್ಗೂ ಈ ಎರಡು ಮೀನು ಬದುಕಿರ್ಬೇಕು ಕಣೆ," ಅಂದರು.

"ಅದಕ್ಕೂ ಇದಕ್ಕೂ ಎಂತ ಸಂಬಂಧ ಅತ್ತೆ?"

"ಸಂಬಂಧ ನಂಗೊತ್ತಿಲ್ಲ. ಬದುಕಿರ್ಬೇಕು, ಅಷ್ಟೇ."

ಬೇರೆ ದಿನ ಆಗಿದ್ದರೆ ನಕ್ಕುಬಿಡುತ್ತಿದ್ದೆ. ಆ ರಾತ್ರಿ ಅವರ ಮಾತು ನನ್ನೊಳಗೂ ಹೋಗಿ ಕೂತಿತು. ಮಂಗಳೂರಲ್ಲಿ ನನ್ನ ಕೈಯಲ್ಲಿ ಆಗುವುದು ಏನೂ ಇರಲಿಲ್ಲ. ಇಲ್ಲಿ ಇದ್ದದ್ದು ಈ ಎರಡು ಮೀನು ಮಾತ್ರ.

ಬೆಂಚಿನ ಮೇಲೆ ಯಾವಾಗ ಕಣ್ಣು ಮುಚ್ಚಿತೋ ಗೊತ್ತಿಲ್ಲ. ಎಚ್ಚರವಾದದ್ದು ನೀರಿನ ಸದ್ದಿಗೆ. ತಟ... ತಟ... ತಟ. ಕಾಲು ಕೆಳಗಿಟ್ಟರೆ ನೆಲ ತಣ್ಣಗೆ ಒದ್ದೆ.

ತೊಟ್ಟಿ ಉಕ್ಕುತ್ತಿತ್ತು.

ಓಡಿ ಹೋಗಿ ಮೋಟಾರು ಆರಿಸಿದೆ. ಟಾರ್ಚು ಬಿಟ್ಟು ನೋಡಿದರೆ ಪೈಪಿನ ಬಾಯಿಯಲ್ಲಿ ಜಾಲರಿಯೇ ಇಲ್ಲ. ಪಕ್ಕದಲ್ಲಿ ನೀರಿನೊಳಗೆ ಬಿದ್ದಿತ್ತು. ಗಾಜಿನ ತುಂಬ ಬಸವನಹುಳು... ನಾನು ಯಾವತ್ತೂ ಅಷ್ಟನ್ನು ಒಟ್ಟಿಗೆ ನೋಡಿರಲಿಲ್ಲ. ಎಲ್ಲವೂ ಪೈಪಿನ ಕಡೆಗೇ ಹೊರಟಿದ್ದವು.

"ಅತ್ತೆ, ಇದನ್ನ ಯಾರು ಮುಟ್ಟಿದ್ದು?"

ಅತ್ತೆ ಎದ್ದು ಬಂದರು. ಮುಖ ಬಿಳಿಚಿತು. "ಹುಳ ಒಳಗೆ ಹೋಗ್ಬಾರ್ದು ಅಂತ ನಾನೇ ಕಾಫಿ ಬಟ್ಟೆ ಕಟ್ಟಿದ್ನಲ್ಲೇ... ಕಾಫಿ ಸೋಸಿದ್ರೆ ಚರಟ ಮೇಲೇ ನಿಲ್ತದೆ, ನೀರು ಇಳೀತದೆ. ಹಂಗೇ ಅಂದ್ಕಂಡೆ."

ಜೀವಮಾನವೆಲ್ಲ ಕಾಫಿ ಸೋಸಿದ ಕೈ. ಬಟ್ಟೆ ಕಟ್ಟಿದರೆ ಬೇಡದ್ದು ಮೇಲೆ ನಿಲ್ಲುತ್ತದೆ, ಬೇಕಾದ್ದು ಕೆಳಗಿಳಿಯುತ್ತದೆ, ಅವರ ಲೆಕ್ಕ ಅಷ್ಟೇ. ಪೈಪು ಕಾಫಿಯ ಪಾತ್ರೆ ಅಲ್ಲವಲ್ಲ. ಬಟ್ಟೆಗೆ ಲೋಳೆ ಹಿಡಿದು, ಹುಳು ಕೂತು, ಭಾರಕ್ಕೆ ದಾರ ಬಿಚ್ಚಿ, ಬಟ್ಟೆ ಹುಳುಗಳ ಸಮೇತ ಪೈಪಿನೊಳಗೆ ಇಳಿದುಬಿಟ್ಟಿತ್ತು. ಈಗ ಕೆಳಗಿನ ಬಾಗಿನಲ್ಲಿ ಬಿರಡೆಯ ಹಾಗೆ ಕೂತಿತ್ತು.

ಬೈಯಲು ಬಾಯಿ ಬರಲಿಲ್ಲ.

ಅತ್ತೆಯನ್ನು ತೊಟ್ಟಿಯ ಪಕ್ಕ ಸ್ಟೂಲಿನ ಮೇಲೆ ಕೂರಿಸಿ, ಪೈಪಿನ ಬಾಯಿ ಮುಚ್ಚಲು ಹೇಳಿ, ನಾನು ಟಾರ್ಚು ಹಿಡಿದು ಕೆಳಗೆ ಇಳಿದೆ. ಇವರು ಮಾಡುತ್ತಿದ್ದ ಹಾಗೆ ತುದಿ ಬಿಚ್ಚಿದೆ. ತಂತಿ ಹಾಕಿದೆ. ತುದಿಗೆ ಮೆತ್ತಗೆ ಬಟ್ಟೆ ತಗುಲುತ್ತಿತ್ತು, ಸಿಕ್ಕುತ್ತಿರಲಿಲ್ಲ. ಮೇಲಿಂದ ನೀರು ಸೋರಿ ಕಣ್ಣಿಗೆ ಹೊಡೆಯಿತು. ಅತ್ತೆಯ ಕೈ ಸಣ್ಣದು, ಬಲವಿಲ್ಲ. ಎಷ್ಟು ಹೆಣಗಿದರೂ ಆಗಲಿಲ್ಲ. ಕಣ್ಣು ಉರಿಯುತ್ತಿತ್ತು. ಅದು ಉಪ್ಪುನೀರೋ ನನ್ನ ಅಳುವೋ ನನಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.

ತಂತಿಯನ್ನು ಡ್ರಮ್ಮಿನ ಮೇಲೆ ಇಟ್ಟು ಮೇಲೆ ಬಂದೆ. ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿದೆ. ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಆ ಚಿಲಕ ಬಿಗಿ, ಬೆರಳು ಜಜ್ಜಿತು.

ಟಾರ್ಚಿನ ಬೆಳಕಿನಲ್ಲಿ ಎರಡು ಮೀನೂ ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಸದಾ ಓಡುವ ಎಕ್ಸ್‌ಪ್ರೆಸ್ ನಿಂತಲ್ಲೇ ವಾಲುತ್ತಿತ್ತು.

ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಎರಡು ದೊಡ್ಡ ಲೋಟ ತಂದೆ. ಕಾಫಿಗೆ ನೊರೆ ಬರಿಸಲು ಎತ್ತಿ ಹೊಯ್ಯುತ್ತೇವಲ್ಲ, ಹಾಗೆ ತೊಟ್ಟಿಯ ನೀರನ್ನು ಎತ್ತಿ ಎತ್ತಿ ತೊಟ್ಟಿಗೇ ಹೊಯ್ಯತೊಡಗಿದೆ. ನೊರೆ ಏಳುತ್ತಿತ್ತು. ಅದರಲ್ಲಿ ಒಂದಿಷ್ಟು ಗಾಳಿ ಇದ್ದೀತು, ಮೀನಿಗೆ ಅಷ್ಟಾದರೂ ಸಿಕ್ಕೀತು. ಕೈ ನಿಲ್ಲಿಸಿದರೆ ಸಾಯುತ್ತವೆ. ಮೀನು ಸತ್ತರೆ... ಮುಂದಿನದನ್ನು ಯೋಚಿಸದೆ ಹೊಯ್ಯುತ್ತಲೇ ಇದ್ದೆ.

ಅತ್ತೆ ಬೆಂಚಿನ ಮೇಲೆ ಮುದುರಿಕೊಂಡಿದ್ದರು. ಹೊರಗೆ ಎಲ್ಲೋ ಡೀಸೆಲ್ ಪಂಪಿನ ಗುಡುಗುಡು. ಕಿಟಕಿಯಿಂದ ಕಾಫಿ ಹೂವಿನ ವಾಸನೆ, ತಲೆ ಸಿಡಿಯುವಷ್ಟು ಗಾಢ. ಊರು ತುಂಬ ಮದುವೆ ಮನೆಯ ಪರಿಮಳ, ನನ್ನ ಮನೆಯಲ್ಲಿ ಹೀಗೆ. ತೋಳು ಸೇದಿ ಸೇದಿ ಭುಜದ ಕೆಳಗೆ ಏನೂ ಇಲ್ಲ ಅನ್ನಿಸುತ್ತಿತ್ತು.

ಆಗ ಕೇಳಿತು.

ಟಕ್.

ಪೈಪಿನಲ್ಲಿ. ಕೆಳಗಿನಿಂದ.

ಕೈ ಗಾಳಿಯಲ್ಲೇ ನಿಂತಿತು. ಪೈಪು ತಣ್ಣಗಾಗಿ ಸದ್ದು ಮಾಡಿರಬೇಕು ಅಂದುಕೊಂಡೆ. ಉಸಿರು ಹಿಡಿದು ಕೂತೆ. ಪಂಪಿನ ಸದ್ದು... ನನ್ನ ಎದೆಯ ಸದ್ದು...

ಟಕ್.

ಚಿನ್ನದ ಉಂಗುರ ಪ್ಲಾಸ್ಟಿಕ್ ಪೈಪಿಗೆ ತಗುಲಿದ ಸದ್ದು ಹೇಗಿರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ಉಂಗುರ ನನ್ನ ಸೀರೆಯ ಸೆರಗಿನಲ್ಲಿ ಗಂಟು ಹಾಕಿತ್ತು. ಜೀಪಿಗೆ ಹತ್ತಿಸುವ ಮೊದಲು ಸತೀಶ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದ.

ಓಡಬೇಕಿತ್ತು. ಕಿರುಚಬೇಕಿತ್ತು. ಎರಡೂ ಮಾಡಲಿಲ್ಲ. ಒಂದು ತಟ್ಟಿದರೆ ಮುಚ್ಚಬೇಕು. ಎಷ್ಟೋ ವರ್ಷದ ಅಭ್ಯಾಸ, ಕೈ ತಾನಾಗಿ ನೀರಿಗಿಳಿದು ಪೈಪಿನ ಬಾಯಿ ಮುಚ್ಚಿತು.

ಅಂಗೈ ಕೆಳಗೆ ಅಲುಗಾಟ. ಕೆಳಗೆ ಯಾರೋ ಕೆದಕುತ್ತಿದ್ದರು. ಕರಕರ... ಕರಕರ... ತಂತಿ ಪೈಪಿನ ಒಳಮೈಗೆ ಉಜ್ಜುವುದು ನನ್ನ ಮೊಣಕೈಯವರೆಗೆ ಹತ್ತುತ್ತಿತ್ತು. ಅವಸರವಿಲ್ಲ, ಗಾಬರಿ ಇಲ್ಲ. ನಡುವೆ ಬಿಡುವು, ಮತ್ತೆ ಕರಕರ. ಇವರೂ ಹಾಗೇ ಮಾಡುತ್ತಿದ್ದರು. ಹುಳುಗಳಿಗೆ ನೋವಾಗಬಾರದು ಅನ್ನುವವರ ಹಾಗೆ.

"ರೀ..." ಅಂದೆ. ನನ್ನ ಧ್ವನಿ ನನಗೇ ಕೇಳಲಿಲ್ಲ.

ಎಷ್ಟು ಹೊತ್ತು ಹಾಗೆ ಹಿಡಿದಿದ್ದೆನೋ. ಕೈ ಜೋಮು ಹಿಡಿಯಿತು. ಬಿಟ್ಟರೆ ಎಲ್ಲ ಮುಗಿಯಿತು ಅನ್ನುವ ಹಾಗೆ ಹಿಡಿದಿದ್ದೆ.

ಟಕ್. ಟಕ್.

ಕೈ ತೆಗೆದೆ. ನೀರು ಒಂದು ಕ್ಷಣ ನಿಂತು, ಗೊಳಕ್ಕೆಂದು ಬಾಯಿ ತೆರೆದು, ಭೋರ್ ಅಂತ ಕೆಳಗಿಳಿಯಿತು. ಕೆಳಗೆ ಡ್ರಮ್ಮಿಗೆ ಬೀಳುವ ಸದ್ದು ಸ್ಪಷ್ಟವಾಗಿ ಕೇಳಿತು. ತೊಟ್ಟಿಯ ನೀರು ಪೈಪಿನ ಬಾಯಿಯ ಮಟ್ಟಕ್ಕೆ ಇಳಿದು ನಿಂತಿತು. ಮತ್ತೆ ನಿಶ್ಶಬ್ದ.

ನನಗೆ ಗೊತ್ತಿತ್ತು ಮುಂದೆ ಏನು ಬರಬೇಕು ಅಂತ. ಬರದಿರಲಿ ಅಂತಲೂ ಅಂದುಕೊಂಡೆ, ಬರಲಿ ಅಂತಲೂ ಅಂದುಕೊಂಡೆ.

ಟಕ್. ಟಕ್. ಟಕ್.

ಹಿಂದೆ ಬೆಂಚು ಕಿರ್ ಅಂದಿತು. ಅತ್ತೆ ಎದ್ದು ನಿಂತಿದ್ದರು. ಸೆರಗು ಸರಿಮಾಡಿಕೊಂಡು, "ಮುಗೀತಂತೆ. ನೀರಿಡ್ತೀನಿ," ಅಂದರು. ಎಲ್ಲ ದಿನದ ಧ್ವನಿಯಲ್ಲೇ.

"ಅತ್ತೆ..." ನಾನು ಅವರ ಕೈ ಹಿಡಿದೆ. "ಅವ್ರು ಮಂಗ್ಳೂರಲ್ಲಿದಾರೆ ಅತ್ತೆ."

"ನಂಗೊತ್ತಿಲ್ವೇನೆ?" ಅತ್ತೆ ಪಿಸುಗುಟ್ಟಿದರು. "ಮೂರು ಸಲ ತಟ್ಟಿದ್ಮೇಲೆ ಕಾಫಿ ಇಡ್ದೆ ಇರಕ್ಕಾಗ್ತದಾ ಮಾರಾಯ್ತಿ?"

ಒಲೆ ಹಚ್ಚಿದರು. ಸೋಸುವ ಬಟ್ಟೆ ಇರಲಿಲ್ಲವಲ್ಲ, ಜರಡಿಯಲ್ಲೇ ಬಸಿದರು. ಮೂರು ಲೋಟ. ನನಗೊಂದು, ಅವರಿಗೊಂದು...

ಆ ಹೊತ್ತಿಗೆ ಮೆಟ್ಟಿಲು ಸದ್ದು ಮಾಡತೊಡಗಿತ್ತು. ಕೆಳಗಿನ ಮೆಟ್ಟಿಲು. ಆಮೇಲೆ ಅದರ ಮೇಲಿನದು. ಒದ್ದೆ ಕಾಲು ಮರದ ಮೇಲೆ ಇಟ್ಟ ಸದ್ದು. ನಡುವಿನ ಒಂದು ಹಲಗೆ ಸಡಿಲ, ಅದು ಕುಂಯ್ ಅಂದಿತು. ಬಾಗಿಲಿನ ಹತ್ತಿರಕ್ಕೆ ಬಂದು ಸದ್ದು ನಿಂತಿತು.

ಬಾಗಿಲ ಸಂದಿಯಿಂದ ವಾಸನೆ ಬಂತು. ಸಮುದ್ರದ್ದು. ತೊಟ್ಟಿಯ ವಾಸನೆ ಅಲ್ಲ, ಅಬ್ಬು ತರುವ ಕ್ಯಾನಿನ ವಾಸನೆಯೂ ಅಲ್ಲ... ದಡದಲ್ಲಿ ನಿಂತಾಗ ಮುಖಕ್ಕೆ ಹೊಡೆಯುತ್ತದಲ್ಲ, ಅದು. ಅದರ ಜೊತೆ ಸೀಮೆಎಣ್ಣೆಯ ವಾಸನೆ. ನಮ್ಮ ಮನೆಯಲ್ಲಿ ಸೀಮೆಎಣ್ಣೆ ದೀಪ ಬಿಟ್ಟು ಎಷ್ಟೋ ವರ್ಷವಾಗಿತ್ತು.

ನಾನು ಗೋಡೆಗೆ ಅಂಟಿ ನಿಂತೆ. ಬಾಗಿಲು ತೆರೆಯಲೂ ಆಗದು, ತೆರೆಯಬೇಡಿ ಅನ್ನಲೂ ಆಗದು. ಆಚೆ ನಿಂತದ್ದು ಇವರೇ ಆಗಿದ್ದರೆ? ಇವರು ಹೀಗೆ ಬರುವುದೆಂದರೆ ಏನರ್ಥ? ಅಷ್ಟು ಯೋಚನೆ ಬಂದದ್ದೇ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ.

ಅತ್ತೆ ಚಿಲಕ ತೆಗೆದರು. ಬಾಗಿಲನ್ನು ಕೈ ಹೋಗುವಷ್ಟು ಮಾತ್ರ ಸರಿಸಿದರು. ಕೆಳಗೆ ನೋಡಲಿಲ್ಲ, ಮುಖ ನನ್ನ ಕಡೆಗೇ ಇತ್ತು. ಬಗ್ಗಿ ಲೋಟವನ್ನು ಮೇಲಿನ ಮೆಟ್ಟಿಲ ಮೇಲಿಟ್ಟು, "ಬಿಸಿ ಇದೆ, ನಿಧಾನ," ಅಂದರು. ಬಾಗಿಲು ಮುಂದಕ್ಕೆ ಎಳೆದು ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. ಇಬ್ಬರೂ ಕೈ ಕೈ ಹಿಡಿದು ಕೂತೆವು. ನಮ್ಮ ಕಾಫಿ ಆರಿಹೋಯಿತು.

ಬೆಳಕು ಹರಿಯುವ ಮುಂಚೆ ಕರೆಂಟು ಬಂತು. ಮೋಟಾರು ಹಾಕಿದೆ. ನೀರು ಸುತ್ತತೊಡಗಿತು. ವಾಲಿದ್ದ ಎಕ್ಸ್‌ಪ್ರೆಸ್ ನಿಧಾನವಾಗಿ ನೆಟ್ಟಗಾಯಿತು.

ಅದೇ ಹೊತ್ತಿಗೆ ಹೊರಗೆ ಲಾರಿ ನಿಂತ ಸದ್ದು. ಅಬ್ಬು. ಬಾಗಿಲು ಬಡಿಯುವ ಮೊದಲೇ ಕೂಗಿದ, "ಅಕ್ಕಾ, ಹೆದರ್ಬೇಡಿ ಮಾರಾಯ್ರೆ! ಸತೀಶಣ್ಣ ಹೇಳಿ ಕಳಿಸಿದ್ದಾರೆ. ಆಪರೇಷನ್ ಆಯ್ತಂತೆ. ನಡುವೆ ಒಮ್ಮೆ ಎದೆ ನಿಂತೇ ಹೋಗಿತ್ತಂತೆ, ಡಾಕ್ಟ್ರು ಆಸೆ ಬಿಟ್ಟಿದ್ರಂತೆ. ಆಮೇಲೆ ಸರಿಯಾಯ್ತು. ಅಣ್ಣ ಇದ್ದಾರೆ, ಅಕ್ಕ!"

ನಾನು ಅತ್ತೆಯನ್ನು ತಬ್ಬಿಕೊಂಡು ಗೋಳೋ ಅಂತ ಅತ್ತುಬಿಟ್ಟೆ. ಅವರು ನನ್ನ ಬೆನ್ನು ಸವರುತ್ತಾ ಮೆಟ್ಟಿಲ ಬಾಗಿಲನ್ನೇ ನೋಡುತ್ತಿದ್ದರು.

ಬಸ್ಸಿಗೆ ಹೊರಡುವ ಮೊದಲು ಆ ಬಾಗಿಲು ತೆರೆದೆ. ಹಗಲಾಗಿತ್ತು, ಅಬ್ಬು ಹೊರಗೆ ಕೂತು ಬೀಡಿ ಸೇದುತ್ತಿದ್ದ, ಅದೇ ಧೈರ್ಯ. ಮೇಲಿನ ಮೆಟ್ಟಿಲ ಮೇಲೆ ಲೋಟ ಇತ್ತು. ಖಾಲಿ. ಬೋರಲು ಹಾಕಿತ್ತು. ನಮ್ಮ ಮನೆಯಲ್ಲಿ ಕುಡಿದ ಲೋಟ ಬೋರಲು ಹಾಕುವವರು ಯಾರೂ ಇಲ್ಲ. ಇವರಂತೂ ಕುಡಿದಲ್ಲೇ ಉರುಳಿಸಿ ಬರುವ ಆಸಾಮಿ.

ಕೆಳಗೆ ಇಳಿದೆ. ಹಿಂಬಾಗಿಲು ತಳ್ಳಿ ನೋಡಿದೆ, ಹೊರಗಿನ ಬೀಗ ಹಾಕಿದ ಹಾಗೇ ಇತ್ತು. ಕೀ ನನ್ನ ಸೊಂಟದಲ್ಲಿ. ಪೈಪಿನ ತುದಿ ಜೋಡಿಸಿತ್ತು. ನಾನು ಬಿಚ್ಚಿ ಬಿಟ್ಟು ಬಂದಿದ್ದೆ. ಕಾಫಿ ಬಟ್ಟೆಯನ್ನು ತೊಳೆದು, ಹಿಂಡಿ, ಗೋಡೆಯ ಮೊಳೆಗೆ ಹರವಿತ್ತು. ಅದರ ಕೆಳಗೆ ತೆಂಗಿನ ಕರಟ, ಅದರ ತುಂಬ ಬಸವನಹುಳು. ಎಲ್ಲ ಬದುಕಿದ್ದವು, ನಿಧಾನವಾಗಿ ಕರಟದ ಅಂಚು ಹತ್ತುತ್ತಿದ್ದವು.

ಇದನ್ನು ನಾನು ಸತೀಶನಿಗೆ ಹೇಳಲಿಲ್ಲ. ಕಳಸದಲ್ಲಿ ನನ್ನ ತವರಿನಲ್ಲಿ ಓದುತ್ತಿದ್ದ ಮಗಳಿಗೂ ಹೇಳಲಿಲ್ಲ. ಅತ್ತೆಯೂ ತುಟಿ ಬಿಚ್ಚಲಿಲ್ಲ. ಈ ಮನೆಯಲ್ಲಿ ಹಿಂದೆ ಲೋಟ ಬೋರಲು ಹಾಕುತ್ತಿದ್ದವರು ಯಾರು ಅಂತ ಅವರನ್ನು ಒಮ್ಮೆ ಕೇಳಿದೆ. "ಕೇಳ್ಬೇಡ" ಅಂದರು, ಅಷ್ಟೇ.

ನನ್ನೊಳಗೆ ನಾನೇ ಸಮಾಧಾನ ಮಾಡಿಕೊಂಡಿದ್ದೆ. ಎದೆ ನಿಂತ ಆ ಹೊತ್ತಲ್ಲಿ ಇವರೇ ಬಂದಿದ್ದರು, ನಾನು ಕಷ್ಟದಲ್ಲಿದ್ದೆ ಅಂತ ಬಂದು ಕೆಲಸ ಮುಗಿಸಿ, ಕಾಫಿ ಕುಡಿದು, ವಾಪಸ್ ಹೋದರು. ಹೀಗೆ ಅಂದುಕೊಂಡರೆ ಹೆದರಿಕೆ ಹೋಗಿ ಪ್ರೀತಿ ಬರುತ್ತಿತ್ತು. ಅದೇ ಸಾಕಿತ್ತು ನನಗೆ.

ಇವರು ಮನೆಗೆ ಬಂದು ಕೆಲವು ದಿನ 'ಹೂಂ', 'ಉಹೂಂ' ಬಿಟ್ಟರೆ ಮಾತಿಲ್ಲ. ಒಂದು ಮಧ್ಯಾಹ್ನ ಹೋಟೆಲ್ ಖಾಲಿಯಾದ ಮೇಲೆ ತೊಟ್ಟಿಯ ಎದುರು ಕೂತಿದ್ದರು. ಬೋಳಿಸಿದ ತಲೆಯ ಮೇಲೆ ಹೊಲಿಗೆಯ ಗೆರೆ.

"ಆ ಬಟ್ಟೆ ಮತ್ತೆ ಕಾಫಿಗೆ ಉಪಯೋಗಿಸ್ಬೇಡಿ," ಅಂದರು.

"ಯಾವ ಬಟ್ಟೆ?"

"ಪೈಪಲ್ಲಿ ಸಿಕ್ಕಿತ್ತಲ್ಲ. ನಾನೇ ಎಳೆದದ್ದು."

ಬಟ್ಟೆಯ ವಿಷಯ ಇವರಿಗೆ ಹೇಳಿದವರು ಯಾರೂ ಇಲ್ಲ.

"ಆಸ್ಪತ್ರೇಲಿ ಕನಸು ಬಿತ್ತು ಕಣೆ. ಕೆಳಗೆ ಉಗ್ರಾಣದಲ್ಲಿದ್ದೆ. ನೀನು ಮೇಲಿದೀಯ ಅಂತ ಗೊತ್ತಿತ್ತು. ಒಂದು ಸಲ ತಟ್ಟಿದೆ, ನೀನು ಮುಚ್ಚಲಿಲ್ಲ. ಮತ್ತೆ ತಟ್ಟಿದೆ, ಮುಚ್ಚಿದೆ. ಬಟ್ಟೆ ಎಳೆದು ಎರಡು ಸಲ ತಟ್ಟಿದೆ. ನೀರು ಬಂತು."

ನಾನು ಅವರ ಕೈ ಹಿಡಿದುಕೊಂಡೆ. ಕಣ್ಣು ತುಂಬಿ ಬಂತು, ನಗುವೂ ಬಂತು. "ಆಮೇಲೆ ಮೂರು ಸಲ ತಟ್ಟಿ ಮೇಲೆ ಬಂದ್ರಿ. ಅತ್ತೆ ಕಾಫಿ ಇಟ್ರು."

ಇವರು ನನ್ನ ಮುಖ ನೋಡಿದರು.

"ಇಲ್ಲ ಕಣೆ. ನಂಗೆ ಮೇಲೆ ಬರಕ್ಕಾಗ್ಲಿಲ್ಲ. ಮೂರು ನಾನು ತಟ್ಟಿದ್ದಲ್ಲ."

"ಮತ್ತೆ?"

"ಜೊತೇಲಿ ಇನ್ನೊಬ್ರು ಇದ್ರಲ್ಲ, ಲಾಟೀನು ಹಿಡ್ಕಂಡು. ಆಗ್ಲಿಂದ ಬೆಳಕು ಹಿಡಿದಿದ್ದು ಅವ್ರೇ. ಕೆಲಸ ಮುಗಿದ್ಮೇಲೆ, 'ನೀನು ಹೋಗು, ನಾನು ಮೇಲೆ ಹೋಗ್ತೀನಿ' ಅಂದ್ರು. ಅವ್ರೇ ಮೂರು ಸಲ ತಟ್ಟಿದ್ರು. ಮೆಟ್ಟಿಲು ಹತ್ತಿದ್ರು. ಕಾಫಿ ವಾಸನೆ ಬಂತು. ಆಮೇಲೆ ಎಚ್ಚರ ಆಯ್ತು... ಆಸ್ಪತ್ರೆ."

"ಯಾರ್ರೀ ಅವ್ರು?"

"ಬೆಳಕು ಕಣ್ಣಿಗೆ ಹೊಡೀತಿತ್ತು. ಮುಖ ಕಾಣ್ಲಿಲ್ಲ."

ಆ ವಾರವೇ ತೊಟ್ಟಿ ತೆಗೆಸಿದೆ. ಮೀನುಗಳನ್ನು ಅಬ್ಬು ವಾಪಸ್ ಒಯ್ದ. ಪೈಪನ್ನು ಎರಡೂ ಕಡೆ ಕತ್ತರಿಸಿ ಸಿಮೆಂಟು ತುಂಬಿಸಿದೆವು. ಇವರು ಈಗಲೂ ನನ್ನ ಪಕ್ಕದಲ್ಲಿದ್ದಾರೆ, ಗೊರಕೆ ಹೊಡೆಯುತ್ತಾರೆ, ಗಲ್ಲಾದಲ್ಲಿ ಕೂತು ಗಿರಾಕಿಗಳ ಜೊತೆ ಹರಟುತ್ತಾರೆ. ನನಗೆ ಅದಕ್ಕಿಂತ ಬೇರೆ ಏನೂ ಬೇಡ. ಇವರನ್ನು ವಾಪಸ್ ಕಳಿಸಿದವರು ಯಾರೇ ಆಗಿರಲಿ, ಅವರಿಗೆ ನಾನು ಋಣಿ. ಅದರಲ್ಲಿ ಎರಡು ಮಾತಿಲ್ಲ.

ಅತ್ತೆ ಬದುಕಿರುವವರೆಗೂ ರಾತ್ರಿ ಮಲಗುವ ಮೊದಲು ಒಂದು ಲೋಟ ಕಾಫಿ ಮೇಲಿನ ಮೆಟ್ಟಿಲ ಮೇಲಿಡುತ್ತಿದ್ದರು. ಈಗ ನಾನು ಇಡುತ್ತೇನೆ. ಇವರಿಗೆ ಬೆಕ್ಕಿಗೆ ಅಂತ ಹೇಳಿದ್ದೇನೆ. ಹೆಚ್ಚಿನ ದಿನ ಬೆಳಿಗ್ಗೆ ಕಾಫಿ ಕೆನೆ ಕಟ್ಟಿ ಹಾಗೇ ಇರುತ್ತದೆ. ಕೆಲವು ದಿನ ಇರುವುದಿಲ್ಲ, ಲೋಟ ಬೋರಲಾಗಿರುತ್ತದೆ.

ರಾತ್ರಿ ಎಚ್ಚರವಾದಾಗ ನಾನು ಮೆಟ್ಟಿಲಿನ ಸದ್ದಿಗಾಗಿ ಕಿವಿ ಕೊಟ್ಟು ಮಲಗಿರುತ್ತೇನೆ. ಹತ್ತಿ ಬಂದದ್ದನ್ನು ಆವತ್ತು ನಾವಿಬ್ಬರೂ ಕೇಳಿದ್ದೆವು. ಇಳಿದು ಹೋದದ್ದನ್ನು ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಒಂದು ಸಲ ಅಂದರೆ ಮುಚ್ಚು, ಎರಡು ಅಂದರೆ ತೆಗೆ, ಮೂರು ಅಂದರೆ ಮೇಲೆ ಬರ್ತಿದೀನಿ. ಕೆಳಗೆ ಹೋಗ್ತಿದೀನಿ ಅನ್ನುವುದಕ್ಕೆ ನಾವು ಯಾವ ಸದ್ದನ್ನೂ ಇಟ್ಟುಕೊಂಡಿರಲಿಲ್ಲ.